ಟಿಬಿ ಎಂದುಕೊಂಡ ಮೆನಿಂಜೈಟಿಸ್: ಒಂದು ಪ್ರಕರಣ ಅಧ್ಯಯನ

ರೋಗಿಯ ಗುರುತು ಸಿಗದಂತೆ ವಯಸ್ಸು, ದಿನಗಳ ಲೆಕ್ಕ, ಮನೆಯ ವಿವರಗಳನ್ನು ಇಲ್ಲಿ ಬದಲಿಸಲಾಗಿದೆ. ಆಸ್ಪತ್ರೆ ಯಾವುದು ಎಂಬುದೂ ಬೇಕಿಲ್ಲ. ಯಾವ ಹಂತದಲ್ಲಿ ಯಾವ ನಿರ್ಧಾರ ಆಯಿತು, ಅದರಿಂದ ಏನಾಯಿತು ಎಂಬುದಷ್ಟೇ ಮುಖ್ಯ.

ಹಿನ್ನೆಲೆ

ರೋಗಿ ನಲವತ್ತರ ಆಸುಪಾಸಿನ ಮಹಿಳೆ. ಅವರಿಗೆ ಲೂಪಸ್ ಇತ್ತು. ಅಂದರೆ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗಗಳ ಮೇಲೆ ತಿರುಗಿ ಬೀಳುವ ಕಾಯಿಲೆ. ಇವರಲ್ಲಿ ಅದು ಕಿಡ್ನಿಗೆ ಇಳಿದಿತ್ತು. ಹಾಗಾಗಿ ವರ್ಷಕ್ಕೂ ಮೇಲಿನಿಂದ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್, ಜೊತೆಗೆ ಮೈಕೊಫಿನೊಲೇಟ್ ನಡೆಯುತ್ತಿತ್ತು. ಎರಡೂ ರೋಗನಿರೋಧಕ ಶಕ್ತಿಯನ್ನು ಬೇಕೆಂದೇ ತಗ್ಗಿಸುವ ಔಷಧಿಗಳು. ಕಿಡ್ನಿ ಹತೋಟಿಗೆ ಬಂದಿತ್ತು. ಮನೆ ಕೆಲಸ, ಹೊರಗಿನ ಕೆಲಸ ಎರಡೂ ಸರಾಗವಾಗಿ ಸಾಗಿತ್ತು.

ಶುರುವಾಗಿದ್ದು ತಲೆನೋವಿನಿಂದ. ಬೆಳಿಗ್ಗೆ ಏಳುವಾಗ ಜಾಸ್ತಿ, ಮಧ್ಯಾಹ್ನದ ಹೊತ್ತಿಗೆ ಕಡಿಮೆ. ಮೊದಲ ವಾರ ಅದನ್ನು ಯಾರೂ ಲೆಕ್ಕಕ್ಕೆ ಇಡಲಿಲ್ಲ. ಎರಡನೇ ವಾರ ಸೈನಸ್ ಅಂದರು, ಆಮೇಲೆ ಮೈಗ್ರೇನ್ ಅಂದರು. ಮೂರನೇ ವಾರ ಸಣ್ಣ ಜ್ವರ ಸೇರಿಕೊಂಡಿತು, ಊಟ ಸೇರದಾಯಿತು. ಕುತ್ತಿಗೆ ಬಿಗಿತ ಅಷ್ಟೇನೂ ಇರಲಿಲ್ಲ. ಇದೊಂದು ದಾರಿ ತಪ್ಪಿಸುವ ವಿಷಯ. ಮೆನಿಂಜೈಟಿಸ್ (ಮಿದುಳಿನ ಪೊರೆಯ ಉರಿಯೂತ) ಅಂದರೆ ಕುತ್ತಿಗೆ ಮರದಂತೆ ಬಿಗಿದಿರಲೇಬೇಕು ಎಂದು ನಾವೆಲ್ಲ ಓದಿದ್ದೇವೆ. ಫಂಗಸ್‌ನಿಂದ ಬರುವ ಮೆನಿಂಜೈಟಿಸ್ ನಿಧಾನಕ್ಕೆ ಬೆಳೆಯುತ್ತದೆ. ಅದರಲ್ಲೂ ಸ್ಟೀರಾಯ್ಡ್ ತಗೊಳ್ಳುತ್ತಿರುವವರಲ್ಲಿ ಜ್ವರ, ಬಿಗಿತ, ಉರಿಯೂತ ಎಲ್ಲವೂ ಮಂಕಾಗಿರುತ್ತವೆ. ವಾರಗಟ್ಟಲೆ ಬರೀ ತಲೆನೋವಾಗಿಯೇ ಉಳಿದುಬಿಡಬಹುದು.

ಮೊದಲ ನಿರ್ಧಾರಗಳು

ಆಸ್ಪತ್ರೆಗೆ ಬಂದಾಗ ಅವರು ಎಚ್ಚರವಾಗಿದ್ದರು. ಮಾತು ಸರಿಯಿತ್ತು, ಸ್ವಲ್ಪ ನಿಧಾನ ಅಷ್ಟೇ. ಲೂಪಸ್ ಇರುವವರಿಗೆ ತಲೆನೋವು ಮತ್ತು ಜ್ವರ ಬಂದರೆ ವೈದ್ಯರ ಮನಸ್ಸಿಗೆ ಎರಡು ಯೋಚನೆ ಬರುತ್ತವೆ. ಲೂಪಸ್ಸೇ ಮಿದುಳಿಗೆ ಇಳಿಯಿತಾ? ಇಲ್ಲಾ ಇದು ಸೋಂಕಾ? ಮೊದಲನೆಯದಕ್ಕೆ ಸ್ಟೀರಾಯ್ಡ್ ಏರಿಸಬೇಕು. ಎರಡನೆಯದರಲ್ಲಿ ಹಾಗೆ ಏರಿಸಿದರೆ ಬೆಂಕಿಗೆ ತುಪ್ಪ. ಸ್ಟೀರಾಯ್ಡ್ ಏರಿಸಿ ನೋಡೋಣ ಎಂಬ ಮಾತು ಬಂದಿತ್ತು. ಬೆನ್ನಿನ ನೀರು, ಅಂದರೆ ಮಿದುಳು ಮತ್ತು ಬೆನ್ನುಹುರಿಯ ಸುತ್ತ ಇರುವ ದ್ರವವನ್ನು ಬೆನ್ನಿಗೆ ಸೂಜಿ ಹಾಕಿ ತೆಗೆದು ನೋಡದೆ ಬೇಡ ಎಂದು ತಂಡ ತಡೆಯಿತು. ಅದು ಸರಿಯಾದ ನಿರ್ಧಾರ.

ತಲೆಯ ಸಿಟಿ ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ಎದೆಯ ಎಕ್ಸ್‌ರೇಯಲ್ಲಿ ಬಲಗಡೆ ಒಂದು ಸಣ್ಣ ಗಂಟು ಕಂಡಿತು. ಹಳೆಯ ಟಿಬಿಯ ಕಲೆ ಇರಬಹುದು ಎಂದು ವರದಿ ಬಂತು. ಎಚ್‌ಐವಿ ಪರೀಕ್ಷೆ ನೆಗೆಟಿವ್. ಬೆನ್ನಿನ ನೀರು ತೆಗೆದಾಗ ನೋಡಲು ತಿಳಿಯಾಗಿತ್ತು. ಜೀವಕೋಶಗಳು 80ರ ಸುಮಾರು, ಬಹುಪಾಲು ಲಿಂಫೋಸೈಟ್ ಎಂಬ ಬಗೆಯ ಬಿಳಿ ರಕ್ತಕಣ. ಪ್ರೋಟೀನ್ 140 ಮಿ.ಗ್ರಾಂ., ಅಂದರೆ ಇರಬೇಕಾದ್ದಕ್ಕಿಂತ ಸಾಕಷ್ಟು ಜಾಸ್ತಿ. ಸಕ್ಕರೆ 28. ಅದೇ ಹೊತ್ತಿನಲ್ಲಿ ರಕ್ತದ ಸಕ್ಕರೆ 120 ಇತ್ತು, ಹಾಗಾಗಿ 28 ಅನ್ನುವುದು ತೀರಾ ಕಡಿಮೆ. ಬ್ಯಾಕ್ಟೀರಿಯಾ ಕಾಣಲಿಲ್ಲ. ಟಿಬಿಯ ಜೀನ್ ಪರೀಕ್ಷೆ ನೆಗೆಟಿವ್ ಬಂತು. ಆದರೆ ಮಿದುಳಿನ ಟಿಬಿಯಲ್ಲಿ ಆ ಪರೀಕ್ಷೆ ನೆಗೆಟಿವ್ ಬಂದ ಮಾತ್ರಕ್ಕೆ ಟಿಬಿ ಇಲ್ಲ ಎನ್ನಲಾಗುವುದಿಲ್ಲ.

ಲಿಂಫೋಸೈಟ್ ಜಾಸ್ತಿ, ಪ್ರೋಟೀನ್ ಜಾಸ್ತಿ, ಸಕ್ಕರೆ ಕಡಿಮೆ, ಎದೆಯಲ್ಲಿ ಹಳೆಯ ಕಲೆ. ಎಲ್ಲ ಒಂದೇ ಕಡೆ ಬೆರಳು ತೋರಿಸುತ್ತಿದ್ದವು. ಟಿಬಿ ಔಷಧಿ ಶುರುವಾಯಿತು, ಜೊತೆಗೆ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್. ಟಿಬಿ ಮೆನಿಂಜೈಟಿಸ್‌ನಲ್ಲಿ ಡೆಕ್ಸಾಮೆಥಸೋನ್ ಸಾವನ್ನು ಕಡಿಮೆ ಮಾಡುತ್ತದೆ ಎಂದು 2004ರಲ್ಲಿ ಪ್ರಕಟವಾದ ವಿಯೆಟ್ನಾಂನ ಅಧ್ಯಯನ ತೋರಿಸಿತ್ತು. ಅಂದಿನಿಂದ ಅದು ರೂಢಿ.

ಈ ನಿರ್ಧಾರವನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ಟಿಬಿ ಮೆನಿಂಜೈಟಿಸ್‌ಗೆ ಔಷಧಿ ತಡವಾದರೆ ಜೀವ ಹೋಗುತ್ತದೆ. ಕಾದು ಕೂರುವುದಕ್ಕಿಂತ ಶುರು ಮಾಡುವುದೇ ಮೇಲು. ನನ್ನ ತಕರಾರು ಬೇರೆ. ಆ ಮೊದಲ ಸೂಜಿಯ ಹೊತ್ತಿನಲ್ಲಿ ಎರಡು ಸುಲಭದ ಕೆಲಸಗಳು ಆಗಲಿಲ್ಲ. ಒಂದು, ಬೆನ್ನಿನ ನೀರಿನ ಒತ್ತಡ ಅಳೆಯಲಿಲ್ಲ. ಇನ್ನೊಂದು, ಫಂಗಸ್‌ಗೆ ಯಾವ ಪರೀಕ್ಷೆಯನ್ನೂ ಕೇಳಲಿಲ್ಲ. ಕಡತದಲ್ಲಿ ಕಾರಣವನ್ನೂ ಬರೆದಿತ್ತು: ಎಚ್‌ಐವಿ ನೆಗೆಟಿವ್.

ಈ ಒಂದು ಸಾಲು ಎಷ್ಟು ಕಡೆ ಬಾಗಿಲು ಮುಚ್ಚಿದೆಯೋ! ಕ್ರಿಪ್ಟೋಕಾಕಸ್ ಎಂಬ ಯೀಸ್ಟ್ ಬಗೆಯ ಫಂಗಸ್‌ನಿಂದ ಬರುವ ಮೆನಿಂಜೈಟಿಸ್ ಜಗತ್ತಿನಲ್ಲಿ ಅತಿ ಹೆಚ್ಚು ಕಾಣುವುದು ಎಚ್‌ಐವಿ ಮುಂದುವರಿದವರಲ್ಲೇ, ನಿಜ. ಸಿಡಿ4 (ಎಚ್‌ಐವಿ ನಾಶ ಮಾಡುವ ರಕ್ಷಣಾ ಕಣ) ಎಣಿಕೆ 100ಕ್ಕಿಂತ ಕೆಳಗೆ ಹೋದವರಿಗೆ ಅಪಾಯ ಜಾಸ್ತಿ. ಆದರೆ ಅಂಗ ಕಸಿ ಆದವರು, ದೀರ್ಘಕಾಲ ಸ್ಟೀರಾಯ್ಡ್ ತೆಗೆದುಕೊಂಡವರು, ಲಿವರ್ ಸಿರೋಸಿಸ್ ಇರುವವರು, ರಕ್ತದ ಕ್ಯಾನ್ಸರ್ ಇರುವವರು ಕೂಡ ಅದೇ ಸಾಲಿನಲ್ಲಿದ್ದಾರೆ. ಕೆಲವೊಮ್ಮೆ ಮೇಲ್ನೋಟಕ್ಕೆ ಯಾವ ಕೊರತೆಯೂ ಇಲ್ಲದವರಿಗೂ ಬರುತ್ತದೆ. ನಮ್ಮ ರೋಗಿಗೆ ಅಪಾಯದ ಕಾರಣ ದಿನಾ ಬೆಳಿಗ್ಗೆ ಮಾತ್ರೆಯ ರೂಪದಲ್ಲಿ ಒಳಗೆ ಹೋಗುತ್ತಿತ್ತು, ಅಲ್ವಾ?

ಸುಧಾರಣೆ, ಆಮೇಲೆ ಕುಸಿತ

ಮೊದಲ ಕೆಲವು ದಿನ ರೋಗಿ ಚೇತರಿಸಿಕೊಂಡರು. ಜ್ವರ ಬಿಟ್ಟಿತು, ತಲೆನೋವು ಇಳಿಯಿತು. ಮನೆಯವರಿಗೆ ಸಮಾಧಾನ, ವೈದ್ಯರಿಗೂ ಸಮಾಧಾನ. ಟಿಬಿ ಎಂಬ ನಂಬಿಕೆ ಗಟ್ಟಿಯಾಯಿತು. ಡೆಕ್ಸಾಮೆಥಸೋನ್ ಯಾವ ಮೆನಿಂಜೈಟಿಸ್‌ನಲ್ಲೇ ಆದರೂ ಕೆಲವು ದಿನದ ಮಟ್ಟಿಗೆ ಹೀಗೆ ನೆಮ್ಮದಿ ಕೊಡುತ್ತದೆ. ಅದನ್ನು ಟಿಬಿ ಔಷಧಿಯ ಫಲ ಎಂದು ಓದಿದರೆ ಮೋಸ ಹೋಗುತ್ತೇವೆ.

ಎರಡನೇ ವಾರ ತಲೆನೋವು ವಾಪಸ್ ಬಂತು, ಮೊದಲಿಗಿಂತ ಜೋರಾಗಿ. ವಾಂತಿ ಶುರುವಾಯಿತು. ಒಂದು ವಸ್ತು ಎರಡಾಗಿ ಕಾಣುತ್ತಿದೆ ಅಂದರು. ಎಡಗಣ್ಣು ಹೊರಗಡೆಗೆ ಪೂರ್ತಿ ತಿರುಗುತ್ತಿರಲಿಲ್ಲ. ಕಣ್ಣನ್ನು ಹೊರಗೆ ತಿರುಗಿಸುವುದು ಆರನೇ ನರ. ತಲೆಯೊಳಗೆ ಒತ್ತಡ ಏರಿದಾಗ ಮೊದಲು ಸೋಲುವ ನರಗಳಲ್ಲಿ ಅದೂ ಒಂದು. ಎದ್ದು ನಿಂತರೆ ಕೆಲವು ಕ್ಷಣ ಕಣ್ಣು ಕತ್ತಲಾಗುತ್ತದೆ ಎಂದೂ ಹೇಳಿದರು. ಈ ಮಾತನ್ನು ಮೊದಲು ಕೇಳಿಸಿಕೊಂಡಿದ್ದು ರಾತ್ರಿ ಪಾಳಿಯ ನರ್ಸ್. ಅವರು ಅದನ್ನು ನಿಶ್ಶಕ್ತಿ ಎಂದು ಬಿಡದೆ ಹಾಗೆಯೇ ಬರೆದಿಟ್ಟರು. ಬೆಳಿಗ್ಗೆ ಕಣ್ಣಿನ ಹಿಂಭಾಗ ನೋಡಿದಾಗ ಎರಡೂ ಕಡೆ ನರದ ತುದಿ ಊದಿಕೊಂಡಿತ್ತು.

ಈಗ ತಂಡದೊಳಗೆ ಎರಡು ಅಭಿಪ್ರಾಯ. ಟಿಬಿಯಲ್ಲಿ ಔಷಧಿ ಶುರು ಮಾಡಿದ ಮೇಲೂ ಕೆಲವರಿಗೆ ಕಾಯಿಲೆ ಉಲ್ಬಣಿಸುವುದುಂಟು, ಹಾಗಾಗಿ ಸ್ಟೀರಾಯ್ಡ್ ಇನ್ನಷ್ಟು ಏರಿಸೋಣ ಎಂಬುದು ಒಂದು. ರೋಗ ಯಾವುದು ಎಂಬುದನ್ನೇ ಮತ್ತೆ ಕೇಳಿಕೊಳ್ಳೋಣ ಎಂಬುದು ಇನ್ನೊಂದು. ಎರಡನೆಯದು ಗೆದ್ದಿತು. ಎಂಆರ್‌ಐ ಮಾಡಿಸಿದರು. ಮಿದುಳಿನ ನಡುಭಾಗದಲ್ಲಿ ರಕ್ತನಾಳಗಳ ಸುತ್ತ ಇರುವ ಸಂದುಗಳು ಉಬ್ಬಿ, ಸಣ್ಣ ಗುಳ್ಳೆಗಳ ಗೊಂಚಲಿನ ಹಾಗೆ ಕಂಡವು. ಕ್ರಿಪ್ಟೋಕಾಕಸ್ ತನ್ನ ಲೋಳೆಯನ್ನು ಆ ಸಂದುಗಳಲ್ಲಿ ತುಂಬುವುದುಂಟು. ಗಡ್ಡೆ ಇರಲಿಲ್ಲ, ಮಿದುಳಿನೊಳಗಿನ ನೀರಿನ ಕೋಣೆಗಳು ಹಿಗ್ಗಿರಲಿಲ್ಲ. ಹಾಗಾಗಿ ಬೆನ್ನಿಗೆ ಮತ್ತೆ ಸೂಜಿ ಹಾಕಲು ಅಡ್ಡಿ ಇರಲಿಲ್ಲ.

ಎರಡನೇ ಸೂಜಿ

ಈ ಸಲ ರೋಗಿಯನ್ನು ಮಗ್ಗುಲಾಗಿ ಮಲಗಿಸಿ ಮಾನೋಮೀಟರ್ ಹಿಡಿದು ಬೆನ್ನಿನ ನೀರಿನ ಒತ್ತಡ ಅಳೆದರು. 41 ಸೆಂ.ಮೀ. ಸಾಮಾನ್ಯವಾಗಿ 20ರ ಒಳಗಿರಬೇಕು. 25 ದಾಟಿದರೆ ಏನಾದರೂ ಮಾಡಲೇಬೇಕು. ಇದು ಸಾಮಾನ್ಯ ಮಿತಿಯ ಹೆಚ್ಚೂ ಕಡಿಮೆ ಎರಡು ಪಟ್ಟು.

ಲ್ಯಾಬ್‌ಗೆ ಮೊದಲೇ ಫೋನ್ ಮಾಡಿ, ಫಂಗಸ್ ಅನುಮಾನ ಇದೆ ಎಂದು ಹೇಳಿದ್ದರು. ಇಂಡಿಯಾ ಇಂಕ್ ಬೆರೆಸಿ ನೋಡಿದಾಗ ಕಪ್ಪು ಹಿನ್ನೆಲೆಯಲ್ಲಿ ದುಂಡನೆಯ ಯೀಸ್ಟ್ ಕೋಶಗಳು, ಅವುಗಳ ಸುತ್ತ ಶಾಯಿ ಒಳಗೆ ಬರಲಾಗದ ದಪ್ಪ ಬೆಳ್ಳನೆ ವೃತ್ತ. ಕೆಲವು ಮೊಗ್ಗೊಡೆಯುತ್ತಿದ್ದವು. ಫಂಗಸ್ ಉದುರಿಸುವ ಅಂಶವನ್ನು ಪತ್ತೆ ಮಾಡುವ ಕ್ರಿಪ್ಟೋಕಾಕಸ್ ಆಂಟಿಜನ್ ಪಟ್ಟಿಯೂ ಪಾಸಿಟಿವ್. ಈ ಪಟ್ಟಿ ಪರೀಕ್ಷೆಗೆ ಯಂತ್ರ ಬೇಡ, ಕೆಲವು ಹನಿ ನೀರು ಸಾಕು, ಹತ್ತು ನಿಮಿಷದಲ್ಲಿ ಉತ್ತರ. ಇಂಡಿಯಾ ಇಂಕ್‌ಗಿಂತ ಎಷ್ಟೋ ನಂಬಿಕಸ್ಥ. ಎಚ್‌ಐವಿ ಇಲ್ಲದವರಲ್ಲಿ ಫಂಗಸ್‌ನ ಸಂಖ್ಯೆ ಕಡಿಮೆ ಇರುತ್ತದೆ, ಹಾಗಾಗಿ ಇಂಡಿಯಾ ಇಂಕ್‌ನಲ್ಲಿ ಅರ್ಧಕ್ಕರ್ಧ ಸಲ ಏನೂ ಕಾಣುವುದಿಲ್ಲ. ಬರೀ ಅದನ್ನೇ ನಂಬಿ ನೆಗೆಟಿವ್ ಎಂದು ಕೈಬಿಡಬಾರದು. ಆಂಟಿಜನ್ ರಕ್ತದಲ್ಲೂ ಸಿಗುತ್ತದೆ. ಬೆನ್ನಿಗೆ ಸೂಜಿ ಹಾಕಲು ಒಪ್ಪದ ರೋಗಿಯಲ್ಲಿ ಅದೊಂದು ದಾರಿ.

ಆಮೇಲೆ ಲ್ಯಾಬ್‌ನವರೇ ಸ್ವಂತ ಆಸಕ್ತಿಯಿಂದ ಮೊದಲ ಸಲದ ಸ್ಲೈಡ್ ಹುಡುಕಿ ತೆಗೆದರು. ಅಂದು ಲಿಂಫೋಸೈಟ್ ಎಂದು ಎಣಿಸಿದ 80ರಲ್ಲಿ ಒಂದಷ್ಟು ಯೀಸ್ಟ್ ಕೋಶಗಳೇ ಆಗಿದ್ದವು. ಎಣಿಕೆ ಮಾಡುವ ಗಾಜಿನ ಮೇಲೆ ಎರಡೂ ದುಂಡಗೆ, ಹೆಚ್ಚೂ ಕಡಿಮೆ ಒಂದೇ ಅಳತೆಯಲ್ಲಿ ಕಾಣುತ್ತವೆ. ಇದು ಹಳೆಯ, ಎಲ್ಲರಿಗೂ ಗೊತ್ತಿರುವ ಬಲೆ. ಅರ್ಜಿಯಲ್ಲಿ "ಸ್ಟೀರಾಯ್ಡ್ ಮೇಲಿರುವ ರೋಗಿ" ಎಂಬ ಒಂದು ಮಾತು ಇದ್ದಿದ್ದರೆ ನೋಡುವವರ ಕಣ್ಣು ಬೇರೆಯದನ್ನು ಹುಡುಕುತ್ತಿತ್ತು. ಅರ್ಜಿಯಲ್ಲಿ ಇದ್ದದ್ದು "ಟಿಬಿ?" ಎಂದಷ್ಟೇ.

ಒತ್ತಡವೇ ಮೊದಲ ಶತ್ರು

ಇಲ್ಲಿಂದ ಮುಂದಿನದನ್ನು ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ಈ ಕಾಯಿಲೆಯಲ್ಲಿ ಮೊದಲ ವಾರಗಳಲ್ಲಿ ಜೀವ ಮತ್ತು ಕಣ್ಣು ತೆಗೆಯುವುದು ಬಹಳ ಸಲ ಒತ್ತಡ. ಫಂಗಸ್ ಸಾಯುವುದಕ್ಕೆ ವಾರಗಳು ಬೇಕು. ಒತ್ತಡ ಅಷ್ಟು ಕಾಯುವುದಿಲ್ಲ.

ಒತ್ತಡ ಏಕೆ ಏರುತ್ತದೆ? ಮಿದುಳಿನ ನೀರು ದಿನವೂ ಹುಟ್ಟುತ್ತದೆ, ದಿನವೂ ರಕ್ತಕ್ಕೆ ವಾಪಸ್ ಇಂಗುತ್ತದೆ. ಕ್ರಿಪ್ಟೋಕಾಕಸ್ ಉದುರಿಸುವ ಲೋಳೆ, ಜೊತೆಗೆ ಆ ಕೋಶಗಳು, ನೀರು ಇಂಗುವ ದಾರಿಯನ್ನು ಕಟ್ಟಿಬಿಡುತ್ತವೆ. ಬಚ್ಚಲಿನ ಜಾಲರಿಗೆ ಲೋಳೆ ಮೆತ್ತಿದ ಹಾಗೆ. ನೀರಿನ ಕೋಣೆಗಳು ಹಿಗ್ಗದೆಯೇ ಒತ್ತಡ ಏರುವುದರಿಂದ ಸ್ಕ್ಯಾನ್ ನೋಡಿ ಗೊತ್ತಾಗುವುದಿಲ್ಲ. ಅಳೆದರೆ ಮಾತ್ರ ಗೊತ್ತಾಗುತ್ತದೆ.

ಪರಿಹಾರ ಸರಳ: ನೀರು ತೆಗೆಯುವುದು. ಆ ಎರಡನೇ ಸೂಜಿಯಲ್ಲೇ ನಿಧಾನವಾಗಿ 25 ಮಿ.ಲೀ.ನಷ್ಟು ತೆಗೆದು, ಒತ್ತಡ 20ರ ಒಳಗೆ ಬಂದ ಮೇಲೆ ನಿಲ್ಲಿಸಿದರು. ಒಂದು ಗಂಟೆಯೊಳಗೆ ರೋಗಿ ಎದ್ದು ಕೂತು ನೀರು ಕೇಳಿದರು. ಮರುದಿನ ಮತ್ತೆ ಅಳೆದರೆ 36. ಮತ್ತೆ ತೆಗೆದರು. ಅದರ ಮರುದಿನವೂ ಅದೇ.

ಇಷ್ಟರಲ್ಲಿ ರೋಗಿಯ ಗಂಡ ಕಂಗಾಲಾಗಿದ್ದರು. "ಡಾಕ್ಟ್ರೇ, ದಿನಾ ಬೆನ್ನಿಗೆ ಚುಚ್ತಾ ಇದ್ರೆ ಕಾಲು ಬಿದ್ದು ಹೋಗಲ್ವಾ? ಮಾತ್ರೆಯಲ್ಲೇ ಇಳಿಸೋಕೆ ಆಗಲ್ವಾ?" ಈ ಪ್ರಶ್ನೆಗೆ ಗದರಿ ಉತ್ತರ ಕೊಟ್ಟರೆ ರೋಗಿಯನ್ನೇ ಕಳೆದುಕೊಳ್ಳುತ್ತೇವೆ. ಎಷ್ಟೋ ಕುಟುಂಬಗಳು ಇದೇ ಹಂತದಲ್ಲಿ ಸಹಿ ಹಾಕಿ ಹೊರಟುಬಿಡುತ್ತವೆ. ಹಿರಿಯ ವೈದ್ಯರು ಅವರನ್ನು ಕೂರಿಸಿ ಒಂದು ಹಾಳೆಯಲ್ಲಿ ಎರಡು ಸಾಲು ಸಂಖ್ಯೆ ಬರೆದರು. ಸೂಜಿಗೆ ಮುಂಚಿನ ಒತ್ತಡ ಒಂದು ಕಡೆ, ತೆಗೆದ ಮೇಲಿನದು ಇನ್ನೊಂದು ಕಡೆ. ಪಕ್ಕದಲ್ಲಿ ರೋಗಿಯೇ ಹೇಳಿದ ತಲೆನೋವಿನ ಅಂಕ. ಸೂಜಿ ಹೋಗುವುದು ಬೆನ್ನುಹುರಿ ಮುಗಿಯುವ ಜಾಗಕ್ಕಿಂತ ಕೆಳಗೆ, ಹಾಗಾಗಿ ಕಾಲು ಬೀಳುವ ಭಯ ಬೇಡ ಎಂದರು. ಗಂಡ ಆ ಹಾಳೆಯನ್ನು ಇಟ್ಟುಕೊಂಡರು. ಮರುದಿನದಿಂದ "ಇವತ್ತು ಎಷ್ಟಿತ್ತು?" ಎಂದು ಅವರೇ ಕೇಳತೊಡಗಿದರು.

ಮಾತ್ರೆಯಲ್ಲಿ ಇಳಿಸುವ ವಿಷಯಕ್ಕೆ ಬಂದರೆ, ಬೇರೆ ಕಾಯಿಲೆಗಳಲ್ಲಿ ಮಿದುಳಿನ ಒತ್ತಡಕ್ಕೆ ಕೊಡುವ ಅಸಿಟಜೋಲಮೈಡ್ ಇಲ್ಲಿ ಉಪಯೋಗಕ್ಕೆ ಬರಲಿಲ್ಲ. ಥಾಯ್ಲೆಂಡಿನಲ್ಲಿ ಅದನ್ನು ಪರೀಕ್ಷಿಸಿದ ಅಧ್ಯಯನ, ರೋಗಿಗಳ ರಕ್ತ ವಿಪರೀತ ಆಮ್ಲೀಯವಾಗಿದ್ದಕ್ಕೆ ಅರ್ಧದಲ್ಲೇ ನಿಂತಿತು. ಮ್ಯಾನಿಟಾಲ್‌ಗೂ ಇಲ್ಲಿ ಪುರಾವೆ ಇಲ್ಲ. ಸ್ಟೀರಾಯ್ಡ್‌ನ ಕಥೆ ಇನ್ನೂ ಕೆಟ್ಟದ್ದು. ಎಚ್‌ಐವಿ ಇದ್ದು ಕ್ರಿಪ್ಟೋಕಾಕಸ್ ಮೆನಿಂಜೈಟಿಸ್ ಬಂದವರಿಗೆ ಡೆಕ್ಸಾಮೆಥಸೋನ್ ಕೊಟ್ಟು ನೋಡಿದ ಏಷ್ಯಾ ಮತ್ತು ಆಫ್ರಿಕಾದ ದೊಡ್ಡ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಸ್ಟೀರಾಯ್ಡ್ ಪಡೆದವರಲ್ಲಿ ಫಂಗಸ್ ನಿಧಾನಕ್ಕೆ ಇಳಿಯಿತು, ಅಂಗವೈಕಲ್ಯ ಜಾಸ್ತಿಯಾಯಿತು. ಆ ಅಧ್ಯಯನವನ್ನೂ ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಟಿಬಿಯಲ್ಲಿ ಜೀವ ಉಳಿಸುವ ಅದೇ ಔಷಧಿ ಇಲ್ಲಿ ಕೇಡು ಮಾಡುತ್ತದೆ. ಟಿಬಿಯಾ, ಫಂಗಸ್ಸಾ ಎಂಬ ಪ್ರಶ್ನೆಯನ್ನು ಮೊದಲ ದಿನವೇ ಕೇಳಬೇಕು ಎನ್ನುವುದು ಇದಕ್ಕೇ.

ಒಂದು ವಾರ ಕಳೆದರೂ ಒತ್ತಡ ದಿನವೂ 30ರ ಮೇಲೆಯೇ ಏಳುತ್ತಿದ್ದುದರಿಂದ ಸೊಂಟದಲ್ಲಿ ತೆಳ್ಳನೆಯ ಡ್ರೈನ್ ನಳಿಕೆ ಹಾಕಿದರು. ಅದು ಕೆಲವು ದಿನ ಇತ್ತು. ಶಾಶ್ವತ ಶಂಟ್ (ನೀರನ್ನು ದೇಹದೊಳಗೇ ಬೇರೆಡೆ ಹರಿಸುವ ನಳಿಕೆ) ಬೇಕಾಗಬಹುದು ಎಂದು ನರಶಸ್ತ್ರಚಿಕಿತ್ಸೆಯವರ ಜೊತೆ ಮಾತಾಗಿತ್ತು. ಫಂಗಸ್ ಔಷಧಿ ಶುರುವಾಗಿದ್ದರೆ ಸೋಂಕು ಪೂರ್ತಿ ಹೋಗದೆಯೂ ಶಂಟ್ ಹಾಕಬಹುದು. ಅಷ್ಟು ದೂರ ಹೋಗಬೇಕಾಗಲಿಲ್ಲ. ಡ್ರೈನ್ ತೆಗೆದ ಮೇಲೆ ಒತ್ತಡ 18ರ ಆಸುಪಾಸಿನಲ್ಲಿ ನಿಂತಿತು.

ಔಷಧಿಯ ಲೆಕ್ಕಾಚಾರ

ಮುಖ್ಯ ಔಷಧಿ ಆಂಫೋಟೆರಿಸಿನ್ ಬಿ. ಜೊತೆಗೆ ಫ್ಲೂಸೈಟೋಸಿನ್. ಆಂಫೋಟೆರಿಸಿನ್ ಕಿಡ್ನಿಗೆ ಕಷ್ಟ ಕೊಡುತ್ತದೆ. ನಮ್ಮ ರೋಗಿಯ ಕಿಡ್ನಿ ಮೊದಲೇ ಪೆಟ್ಟು ತಿಂದಿತ್ತು. ಹಾಗಾಗಿ ಕೊಬ್ಬಿನ ಕಣದೊಳಗೆ ಅಡಗಿಸಿದ ಲೈಪೋಸೋಮಲ್ ಬಗೆಯನ್ನೇ ಆರಿಸಿಕೊಂಡರು. ದಿನಕ್ಕೆ ಕಿಲೋ ತೂಕಕ್ಕೆ 3ರಿಂದ 4 ಮಿ.ಗ್ರಾಂ. ಪ್ರತಿ ಸಲವೂ ಮೊದಲು ಸಲೈನ್, ಪೊಟ್ಯಾಷಿಯಂ, ಮೆಗ್ನೀಷಿಯಂ. ಈ ಕೊನೆಯ ಮೂರನ್ನು ಸುಮ್ನೆ ಉಪಚಾರ ಎಂದುಕೊಂಡು ಬಿಡುವವರಿದ್ದಾರೆ. ಆಂಫೋಟೆರಿಸಿನ್ ಕೊಡುವಾಗ ಇವೂ ಚಿಕಿತ್ಸೆಯ ಭಾಗವೇ.

ಒಂದೇ ಡೋಸಿನ ಮಾತೂ ಬಂತು. ಕಿಲೋಗೆ 10 ಮಿ.ಗ್ರಾಂ. ಲೈಪೋಸೋಮಲ್ ಆಂಫೋಟೆರಿಸಿನ್ ಒಂದೇ ಸಲ ಕೊಟ್ಟು, ಎರಡು ವಾರ ಫ್ಲೂಸೈಟೋಸಿನ್ ಮತ್ತು ಫ್ಲುಕೊನಜೋಲ್ ಎಂಬ ಇನ್ನೊಂದು ಫಂಗಸ್ ಔಷಧಿ ಕೊಡುವ ವಿಧಾನ ಆಫ್ರಿಕಾದ ಐದು ದೇಶಗಳ ಅಧ್ಯಯನದಲ್ಲಿ ಚೆನ್ನಾಗಿ ಕೆಲಸ ಮಾಡಿತ್ತು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಎಚ್‌ಐವಿ ಇರುವವರಿಗೆ ಅದನ್ನೇ ಮೊದಲ ಆಯ್ಕೆ ಮಾಡಿತು. ನಮ್ಮ ರೋಗಿಗೂ ಅದೇ ಸಾಕಲ್ವಾ? ಕಿಡ್ನಿಗೂ ಒಳ್ಳೆಯದು. ಆದರೆ ಆ ಅಧ್ಯಯನದಲ್ಲಿ ಇದ್ದವರೆಲ್ಲ ಎಚ್‌ಐವಿ ರೋಗಿಗಳು. ಅವರಿಗೆ ವೈರಸ್ ಔಷಧಿ ಶುರುವಾದರೆ ರೋಗನಿರೋಧಕ ಶಕ್ತಿ ಏಳುತ್ತದೆ. ಲೂಪಸ್ ರೋಗಿಗೆ ಅಂತಹ ಒತ್ತಾಸೆ ಇಲ್ಲ, ಆ ಶಕ್ತಿಯನ್ನು ತಗ್ಗಿಸುವ ಮದ್ದನ್ನು ಪೂರ್ತಿ ನಿಲ್ಲಿಸಲೂ ಆಗುವುದಿಲ್ಲ. ಎಚ್‌ಐವಿ ಇಲ್ಲದವರಿಗೆ ಕನಿಷ್ಠ ನಾಲ್ಕು ವಾರ ಎಂಬ ಹಳೆಯ ಲೆಕ್ಕಕ್ಕೇ ತಂಡ ಅಂಟಿಕೊಂಡಿತು.

ಎರಡನೇ ವಾರದ ಕೊನೆಗೆ ಕಿಡ್ನಿ ಸೋತಾಗ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 1.1ರಿಂದ 1.9ಕ್ಕೆ ಏರಿತು, ಪೊಟ್ಯಾಷಿಯಂ 2.8ಕ್ಕೆ ಇಳಿಯಿತು. ಜೊತೆಗೆ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎರಡೂ ಕಡಿಮೆಯಾಗತೊಡಗಿದವು. ಮೊದಲ ನೋಟಕ್ಕೆ ಆಂಫೋಟೆರಿಸಿನ್ ನಿಲ್ಲಿಸಬೇಕು ಎನಿಸುತ್ತದೆ. ಸೂಕ್ಷ್ಮ ಇರುವುದು ಇಲ್ಲಿ: ಫ್ಲೂಸೈಟೋಸಿನ್ ಹೊರಹೋಗುವುದು ಕಿಡ್ನಿಯಿಂದ. ಕಿಡ್ನಿ ಸೋತಾಗ ಅದು ರಕ್ತದಲ್ಲಿ ಏರುತ್ತದೆ, ಮೂಳೆಮಜ್ಜೆಯನ್ನು ಕುಗ್ಗಿಸುತ್ತದೆ. ಅಂದರೆ ರಕ್ತಕಣ ಇಳಿದಿದ್ದು ಫ್ಲೂಸೈಟೋಸಿನ್‌ನಿಂದ. ತಂಡ ಫ್ಲೂಸೈಟೋಸಿನ್‌ನ ಡೋಸ್ ಕಡಿತ ಮಾಡಿತು, ಸಲೈನ್ ಜಾಸ್ತಿ ಮಾಡಿತು, ಆಂಫೋಟೆರಿಸಿನ್ ಮುಂದುವರಿಸಿತು. ಒಂದು ವಾರದಲ್ಲಿ ಎಲ್ಲ ಅಂಕಿಗಳೂ ತಿರುಗಿದವು. ಮೂಲ ಔಷಧಿಯನ್ನು ಬಿಟ್ಟಿದ್ದರೆ ಮುಂದೆ ಕಷ್ಟವಿತ್ತು. ಇತರ ಫಂಗಸ್‌ಗಳಿಗೆ ಈಗ ಬಹಳ ಬಳಸುವ ಎಕೈನೊಕ್ಯಾಂಡಿನ್ ಗುಂಪಿನ ಔಷಧಿಗಳು ಕ್ರಿಪ್ಟೋಕಾಕಸ್‌ಗೆ ನಾಟುವುದೇ ಇಲ್ಲ. ಆಯ್ಕೆಗಳು ಅಷ್ಟು ಕಡಿಮೆ.

ಟಿಬಿ ಔಷಧಿ ಏನು ಮಾಡುವುದು? ಎರಡೂ ಸೋಂಕು ಒಟ್ಟಿಗೆ ಇರುವ ರೋಗಿಗಳೂ ಸಿಗುತ್ತಾರೆ, ಹಾಗಾಗಿ ಇದು ಸುಲಭದ ಪ್ರಶ್ನೆ ಅಲ್ಲ. ಇತ್ತ ಟಿಬಿ ಔಷಧಿಗಳಲ್ಲಿ ಒಂದಾದ ರಿಫಾಂಪಿಸಿನ್ ಫ್ಲುಕೊನಜೋಲ್‌ನ ಮಟ್ಟವನ್ನು ಇಳಿಸುತ್ತದೆ, ಪ್ರೆಡ್ನಿಸೊಲೋನ್‌ನದ್ದನ್ನೂ ಇಳಿಸುತ್ತದೆ. ಎರಡೂ ಸಲದ ಟಿಬಿ ಪರೀಕ್ಷೆ ನೆಗೆಟಿವ್, ಎಲ್ಲ ಲಕ್ಷಣಕ್ಕೂ ಬೇರೆ ಕಾರಣ ಸಿಕ್ಕಿದೆ ಎಂದು ನಿಲ್ಲಿಸಿದರು. ಟಿಬಿ ಕಲ್ಚರ್ (ಮಾದರಿಯಲ್ಲಿ ರೋಗಾಣು ಬೆಳೆಯುತ್ತದಾ ಎಂದು ನೋಡುವ ಪರೀಕ್ಷೆ) ಕೊನೆಗೂ ನೆಗೆಟಿವ್ ಬಂತು. ಎದೆಯ ಆ ಗಂಟು ಫಂಗಸ್ ಔಷಧಿಯಲ್ಲಿ ತಿಂಗಳುಗಳಲ್ಲಿ ಕರಗಿತು. ಈ ಯೀಸ್ಟ್ ಮಣ್ಣು, ಹಕ್ಕಿಗಳ ಹಿಕ್ಕೆ, ಕೊಳೆತ ಮರಗಳಲ್ಲಿ ಇರುತ್ತದೆ. ಉಸಿರಿನ ಜೊತೆ ಶ್ವಾಸಕೋಶಕ್ಕೆ ಬಂದು, ಅಲ್ಲಿಂದ ರಕ್ತದಲ್ಲಿ ಮಿದುಳಿಗೆ ಹೋಗುತ್ತದೆ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಟಿಬಿಗೆ ಸಾಕ್ಷಿ ಎಂದು ಓದಿದ ಎಕ್ಸ್‌ರೇ ಫಂಗಸ್‌ನ ಸಾಕ್ಷಿಯಾಗಿತ್ತು.

ಸ್ಟೀರಾಯ್ಡ್ ಕೂಡ ಕಗ್ಗಂಟು. ಕೇಡು ಮಾಡುತ್ತದೆ ಎಂದು ಒಂದೇ ಏಟಿಗೆ ನಿಲ್ಲಿಸುವಂತಿಲ್ಲ. ವರ್ಷಗಟ್ಟಲೆ ತೆಗೆದುಕೊಂಡವರ ಅಡ್ರಿನಲ್ ಗ್ರಂಥಿ ಮಲಗಿರುತ್ತದೆ, ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ಡೆಕ್ಸಾಮೆಥಸೋನ್ ಬಿಡಿಸಿ, ಪ್ರೆಡ್ನಿಸೊಲೋನ್‌ಗೆ ಬದಲಿಸಿ, ಹಂತ ಹಂತವಾಗಿ ಇಳಿಸಿದರು. ಮೈಕೊಫಿನೊಲೇಟ್ ನಿಲ್ಲಿಸಿದರು.

ಎರಡು ವಾರದ ಹೊತ್ತಿಗೆ ರೋಗಿ ನಡೆದಾಡುತ್ತಿದ್ದರು. ಮನೆಗೆ ಹೋಗೋಣ ಎಂಬ ಒತ್ತಾಯ ಬಂತು. ಆ ದಿನ ಕಳಿಸಿದ ಬೆನ್ನಿನ ನೀರಿನಲ್ಲಿ ಎಂಟು ದಿನದ ಮೇಲೆ ಫಂಗಸ್ ಬೆಳೆಯಿತು. ಮೇಲೆ ಆರೋಗ್ಯ, ಒಳಗೆ ಜೀವಂತ ಯೀಸ್ಟ್. ನಾಲ್ಕನೇ ವಾರದ ಕಲ್ಚರ್‌ನಲ್ಲಿ ಬೆಳವಣಿಗೆ ಇರಲಿಲ್ಲ. ಎಚ್ಚರಿಕೆಗೆಂದು ಇನ್ನೆರಡು ವಾರ ಆಂಫೋಟೆರಿಸಿನ್ ಕೊಟ್ಟು, ಆಮೇಲೆ ಫ್ಲುಕೊನಜೋಲ್ ದಿನಕ್ಕೆ 800 ಮಿ.ಗ್ರಾಂ.ಗೆ ಬದಲಿಸಿ ಮನೆಗೆ ಕಳಿಸಿದರು. ಲೂಪಸ್‌ಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಕೂಡ ಇತ್ತು. ಅದೂ ಫ್ಲುಕೊನಜೋಲೂ ಹೃದಯದ ಲಯದ ಮೇಲೆ ಒಂದೇ ಬಗೆಯ ಪರಿಣಾಮ ಬೀರುತ್ತವೆ. ಹಾಗಾಗಿ ಪ್ರತಿ ಭೇಟಿಯಲ್ಲೂ ಇಸಿಜಿ.

ಮೂರನೇ ತಿಂಗಳ ಗೊಂದಲ

ಮನೆಗೆ ಹೋದ ಮೂರನೇ ತಿಂಗಳಲ್ಲಿ ಮತ್ತೆ ತಲೆನೋವು, ಜ್ವರ. ಒತ್ತಡ 30. ಜೀವಕೋಶ 200 ದಾಟಿತ್ತು, ಈ ಸಲ ನಿಜವಾದ ಲಿಂಫೋಸೈಟ್‌ಗಳೇ. ಆಂಟಿಜನ್ ಇನ್ನೂ ಪಾಸಿಟಿವ್. ಇಂಡಿಯಾ ಇಂಕ್‌ನಲ್ಲಿ ಅಲ್ಲೊಂದು ಇಲ್ಲೊಂದು ಯೀಸ್ಟ್. ಎಲ್ಲರ ಬಾಯಲ್ಲೂ ಒಂದೇ ಮಾತು: ಕಾಯಿಲೆ ಮರುಕಳಿಸಿದೆ, ಆಂಫೋಟೆರಿಸಿನ್ ಮತ್ತೆ ಶುರು ಮಾಡೋಣ.

ಈ ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಇಷ್ಟವಾದ ನಿರ್ಧಾರ ಇಲ್ಲಿದೆ. ತಂಡ ನೀರು ತೆಗೆದು ಒತ್ತಡ ಇಳಿಸಿತು. ಮಾತ್ರೆ ಸರಿಯಾಗಿ ತೆಗೆದುಕೊಂಡಿದ್ದಾರಾ ಎಂದು ಖಾಲಿ ಪಟ್ಟಿಗಳನ್ನು ಎಣಿಸಿತು. ಆಮೇಲೆ ಕಲ್ಚರ್‌ಗಾಗಿ ಕಾಯಿತು. ಆಂಟಿಜನ್ ತಿಂಗಳುಗಟ್ಟಲೆ ಪಾಸಿಟಿವ್ ಆಗಿಯೇ ಇರುತ್ತದೆ, ಅದರಿಂದ ಮರುಕಳಿಕೆ ಹೇಳಲಾಗುವುದಿಲ್ಲ. ಸತ್ತ ಯೀಸ್ಟ್ ಕೂಡ ಇಂಡಿಯಾ ಇಂಕ್‌ನಲ್ಲಿ ಕಾಣುತ್ತದೆ. ಬದುಕಿದೆಯಾ ಸತ್ತಿದೆಯಾ ಎಂದು ಹೇಳುವುದು ಕಲ್ಚರ್ ಮಾತ್ರ. ಎರಡು ವಾರವಾದರೂ ಏನೂ ಬೆಳೆಯಲಿಲ್ಲ.

ಅಂದರೆ ಇದು ಮರುಕಳಿಕೆ ಆಗಿರಲಿಲ್ಲ. ಸ್ಟೀರಾಯ್ಡ್ ಇಳಿದಿತ್ತು, ಮೈಕೊಫಿನೊಲೇಟ್ ನಿಂತಿತ್ತು, ರಕ್ಷಣಾ ವ್ಯವಸ್ಥೆ ಎಚ್ಚೆತ್ತಿತ್ತು. ಮಿದುಳಿನ ಪೊರೆಯಲ್ಲಿ ಉಳಿದಿದ್ದ ಸತ್ತ ಫಂಗಸ್‌ನ ಚೂರುಗಳ ಮೇಲೆ ಅದು ಎರಗುತ್ತಿತ್ತು. ಚಿಕಿತ್ಸೆ ಏನು? ಸ್ಟೀರಾಯ್ಡ್! ಮೊದಲ ತಿಂಗಳು ಕೇಡು ಮಾಡಿದ್ದ ಔಷಧಿಯನ್ನೇ ಈಗ, ಫ್ಲುಕೊನಜೋಲ್‌ನ ಕಾವಲಿನಲ್ಲಿ, ಸ್ವಲ್ಪ ಏರಿಸಿ ಮತ್ತೆ ವಾರಗಳಲ್ಲಿ ಇಳಿಸಿದರು. ಹತ್ತು ದಿನದಲ್ಲಿ ಜ್ವರ ಹೋಯಿತು. ಮನೆಯವರಿಗೆ ಇದನ್ನು ವಿವರಿಸುವುದು ಕಷ್ಟವಾಯಿತು. "ಅವತ್ತು ಇದೇ ವಿಷ ಅಂದ್ರಿ, ಇವತ್ತು ಇದೇ ಮದ್ದು ಅಂತೀರಿ" ಎಂದು ಗಂಡ ಕೇಳಿದ್ದು ನ್ಯಾಯವೇ.

ಈ ಪ್ರಕರಣದಿಂದ ಬದಲಾದದ್ದು

ಆ ವಾರ್ಡಿನಲ್ಲಿ ಈಗ ವಾರ ದಾಟಿದ ತಲೆನೋವಿನ ಯಾವ ರೋಗಿಯ ಬೆನ್ನಿನ ನೀರನ್ನೂ ಒತ್ತಡ ಅಳೆಯದೆ ತೆಗೆಯುವುದಿಲ್ಲ. ಸೂಜಿಯ ಟ್ರೇಯಲ್ಲೇ ಮಾನೋಮೀಟರ್ ಇರುತ್ತದೆ. ಟಿಬಿ ಪರೀಕ್ಷೆ ಕೇಳಿದ ಪ್ರತಿ ಮಾದರಿಗೂ ಕ್ರಿಪ್ಟೋಕಾಕಸ್ ಆಂಟಿಜನ್ ತಾನಾಗಿಯೇ ಸೇರುತ್ತದೆ, ಎಚ್‌ಐವಿ ವರದಿ ಏನೇ ಇರಲಿ. ರೋಗಿ ಯಾವ ಔಷಧಿಯ ಮೇಲಿದ್ದಾರೆ ಎಂದು ಬರೆಯದ ಅರ್ಜಿಯನ್ನು ಲ್ಯಾಬ್ ವಾಪಸ್ ಕಳಿಸುತ್ತದೆ. ಇದು ಸ್ವಲ್ಪ ಜಗಳಕ್ಕೂ ಕಾರಣವಾಗಿದೆ.

ಒಂದು ಎಚ್ಚರಿಕೆ. ಆಂಟಿಜನ್ ಪಟ್ಟಿ ನೆಗೆಟಿವ್ ಬಂದರೆ ಕ್ರಿಪ್ಟೋಕಾಕಸ್ ಇಲ್ಲ ಎನ್ನಬಹುದು, ಫಂಗಸ್ಸೇ ಇಲ್ಲ ಎನ್ನಲಾಗದು. ಆಸ್ಪರ್‌ಜಿಲಸ್ ಮಿದುಳಿನಲ್ಲಿ ಕೀವುಗಡ್ಡೆಯಾಗಿಯೋ ರಕ್ತನಾಳ ಕಟ್ಟಿದ ಪಾರ್ಶ್ವವಾಯುವಾಗಿಯೋ ಬರುತ್ತದೆ. ಮ್ಯೂಕರ್ ಮೂಗು, ಕಣ್ಣಿನ ದಾರಿ ಹಿಡಿದು ಬರುತ್ತದೆ. ಅವಕ್ಕೆ ಅಂಗಾಂಶದ ತುಣುಕು ತೆಗೆದು ನೋಡಲೇಬೇಕು. 2012ರಲ್ಲಿ ಅಮೆರಿಕದಲ್ಲಿ ಕಲುಷಿತ ಸ್ಟೀರಾಯ್ಡ್ ಚುಚ್ಚುಮದ್ದಿನಿಂದ 750ಕ್ಕೂ ಹೆಚ್ಚು ಜನರಿಗೆ ಫಂಗಸ್ ಸೋಂಕು ತಗುಲಿತು. ಅವರಲ್ಲಿ ಬಹಳಷ್ಟು ಜನರಿಗೆ ಮೆನಿಂಜೈಟಿಸ್. ಹೆಚ್ಚಿನವರಲ್ಲಿ ಸಿಕ್ಕಿದ್ದು ಎಕ್ಸೆರೋಹೈಲಮ್ ಎಂಬ, ಮನುಷ್ಯರಲ್ಲಿ ತೀರಾ ಅಪರೂಪದ ಬೂಷ್ಟು. ಅವರೂ ರೋಗನಿರೋಧಕ ಶಕ್ತಿ ಸರಿಯಿದ್ದ ಸಾಮಾನ್ಯ ಬೆನ್ನುನೋವಿನ ರೋಗಿಗಳು. ಆ ಸರಣಿ ಬಯಲಾಗಿದ್ದು ಆಂಟಿಬಯಾಟಿಕ್‌ಗೆ ಬಗ್ಗದ ಒಬ್ಬ ರೋಗಿಯ ಬೆನ್ನಿನ ನೀರಿಗೆ ಫಂಗಸ್ ಕಲ್ಚರ್ ಮಾಡಿಸಿದ್ದರಿಂದ.

ಈಗಿನ ಸ್ಥಿತಿ

ರೋಗಿಯ ಬಲಗಣ್ಣು ಪೂರ್ತಿ ಚೇತರಿಸಿದೆ. ಎಡಗಣ್ಣಿನ ನರ ಬಿಳಿಚಿದೆ, ಆ ಕಡೆಯ ನೋಟ ಮಂಜಾಗಿಯೇ ಉಳಿದಿದೆ. ಎರಡಾಗಿ ಕಾಣುವುದು ನಿಂತಿದೆ. ಕೆಲಸಕ್ಕೆ ಮರಳಿದ್ದಾರೆ, ಓದುವುದು ಮೊದಲಿಗಿಂತ ನಿಧಾನ. ಫ್ಲುಕೊನಜೋಲ್ 200 ಮಿ.ಗ್ರಾಂ.ಗೆ ಇಳಿದಿದೆ. ಇಂತಹ ರೋಗಿಗಳಿಗೆ ಅದನ್ನು ಸಾಮಾನ್ಯವಾಗಿ ಆರು ತಿಂಗಳಿನಿಂದ ವರ್ಷದವರೆಗೆ ಕೊಟ್ಟು ನಿಲ್ಲಿಸುತ್ತಾರೆ. ಆದರೆ ಈ ನಡುವೆ ಮೂತ್ರದಲ್ಲಿ ಪ್ರೋಟೀನ್ ಮತ್ತೆ ಕಾಣಿಸಿದೆ. ಕಿಡ್ನಿಯವರು ಮೈಕೊಫಿನೊಲೇಟ್ ಮತ್ತೆ ಬೇಕು ಎನ್ನುತ್ತಿದ್ದಾರೆ, ಸೋಂಕು ರೋಗದ ವೈದ್ಯರು ಇನ್ನೂ ಮೂರು ತಿಂಗಳು ತಡೆಯಿರಿ ಎನ್ನುತ್ತಿದ್ದಾರೆ. ಸದ್ಯಕ್ಕೆ ಒಪ್ಪಂದ ಹೀಗಿದೆ: ಅರ್ಧ ಡೋಸಿನಲ್ಲಿ ಶುರು ಮಾಡುವುದು, ಅದು ನಡೆಯುವಷ್ಟು ಕಾಲ ಫ್ಲುಕೊನಜೋಲ್ ನಿಲ್ಲಿಸದಿರುವುದು, ಬೆಳಗಿನ ತಲೆನೋವು ಮತ್ತೆ ಬಂದರೆ ಅಂದೇ ಬಂದು ಒತ್ತಡ ಅಳೆಸಿಕೊಳ್ಳುವುದು.